ಹನ್ನೆರಡನೇ ಗೆರೆ

ಬಾಗಲೂರಿನ ಗೋವಿಂದಮ್ಮನ ಮನೆಯ ಬಾಗಿಲ ಹಿಂದೆ ಒಂದು ಮೊಳೆ ಇದೆ. ಆ ಮೊಳೆಗೆ ಹನ್ನೊಂದು ವರ್ಷ ಒಂದು ಬಿದಿರು ಕಡ್ಡಿ ತೂಗುತ್ತಿತ್ತು. ಮೊಳದುದ್ದ, ಕಿರುಬೆರಳ ಗಾತ್ರ, ಮೈತುಂಬ ಚಾಕುವಿನಲ್ಲಿ ಕೆತ್ತಿದ ಹದಿನೈದು ಗೆರೆ. ಮನೆಗೆ ಬಂದ ನೆಂಟರ ಮಕ್ಕಳು ದೇವರ ಗೂಡಿನ ಗಂಟೆ ಬಾರಿಸಿದರೂ ಗೋವಿಂದಮ್ಮ ಸುಮ್ಮನಿರುತ್ತಿದ್ದಳು. ಆ ಕಡ್ಡಿ ಮುಟ್ಟಿದರೆ ಮಾತ್ರ ಅವರ ಅಪ್ಪ ಅಮ್ಮನಿಗೂ ಸೇರಿಸಿ ಬೈಗುಳ ಬೀಳುತ್ತಿತ್ತು.

ಕಡ್ಡಿ ಮಾಡಿದ್ದು ಅವಳ ಗಂಡ ರಾಮಯ್ಯ. ಅವರದು ಹಳೇ ಟೆಂಪೊ. ಡೀಸೆಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಯಾವತ್ತೋ ಕೆಟ್ಟು, ಟ್ಯಾಂಕು ತುಂಬಿದ್ದರೂ ಬರಿದಾಗಿದ್ದರೂ ನಡುಮಧ್ಯದಲ್ಲೇ ನಿಂತಿರುತ್ತಿತ್ತು. ರಾಮಯ್ಯ ಸ್ಕೂಲಿನ ಮೈದಾನದಲ್ಲಿ ಗಾಡಿ ನಿಲ್ಲಿಸಿ, ಬರಿದಾದ ಟ್ಯಾಂಕಿಗೆ ಎರಡೆರಡೇ ಲೀಟರ್ ಡೀಸೆಲ್ ಸುರಿಯುತ್ತಾ, ಪ್ರತಿ ಸಲವೂ ಕಡ್ಡಿ ಇಳಿಬಿಟ್ಟು, ಒದ್ದೆಯಾದ ಜಾಗಕ್ಕೆ ಒಂದೊಂದು ಗೆರೆ ಹಾಕಿದ. ಹದಿನೈದು ಗೆರೆ, ಮೂವತ್ತು ಲೀಟರ್. ಅದಾದ ವರ್ಷವೇ ಜ್ವರ ಬಂದು ಹೋಗಿಬಿಟ್ಟ. ಟೆಂಪೊ, ಕಡ್ಡಿ, ಹತ್ತು ವರ್ಷದ ಮಗಳು ಭಾನು, ಇಷ್ಟೇ ಗೋವಿಂದಮ್ಮನ ಪಾಲಿಗೆ ಉಳಿದದ್ದು.

ಟೆಂಪೊ ಓಡಿಸಲು ಬಂದವನು ಅವಳ ಒಡಹುಟ್ಟಿದ ತಮ್ಮ ಚಲಪತಿ. ಮದುವೆ ಮಾಡಿಕೊಳ್ಳಲಿಲ್ಲ, ಬೇರೆ ಕೆಲಸ ಹುಡುಕಲಿಲ್ಲ. ಅಕ್ಕನ ಮನೆ ಪಕ್ಕದ ಒಂದು ಕೋಣೆಯಲ್ಲಿದ್ದುಕೊಂಡು, ಕೋಳಿ ಕೂಗುವ ಹೊತ್ತಿಗೆ ಎದ್ದು, ಸುತ್ತಲಿನ ತೋಟಗಳ ಗುಲಾಬಿ, ಸೇವಂತಿಗೆ ತುಂಬಿಕೊಂಡು ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗಿ, ಮಧ್ಯಾಹ್ನಕ್ಕೆ ವಾಪಸ್ಸು ಬರುತ್ತಿದ್ದ. ಹೋಗುವಾಗ ಹೊಸೂರು, ಜೂಜುವಾಡಿ ದಾಟಿ, ರಾಜ್ಯದ ಗಡಿಯ ಆ ಕಡೆ ಅತ್ತಿಬೆಲೆಯ ಬಂಕಿನಲ್ಲಿ ಟ್ಯಾಂಕು ತುಂಬಿಸಬೇಕು. ಅಲ್ಲಿ ಲೀಟರಿಗೆ ಎರಡು ಮೂರು ರೂಪಾಯಿ ಕಡಿಮೆ. ಈ ಕಡೆಯ ಗಾಡಿಗಳೆಲ್ಲ ಅದಕ್ಕೇ ಅಲ್ಲಿ ಸಾಲುಗಟ್ಟಿ ನಿಲ್ಲುವುದು.

ಗೋವಿಂದಮ್ಮನ ಅನುಮಾನದ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹಾಲಿನವನು ಹಾಲು ಅಳೆದರೆ ಇವಳು ಮತ್ತೊಂದು ಸಲ ಅಳೆಯುತ್ತಾಳೆ. ಗ್ಯಾಸ್ ಸಿಲಿಂಡರ್ ಬಂದರೆ ಹೂವಿನ ತಕ್ಕಡಿಗೆ ಏರಿಸುತ್ತಾಳೆ. ತಿಂಗಳಿಗೊಂದು ಸಲ ತಾನೇ ಟೆಂಪೊ ಹತ್ತಿ ಅತ್ತಿಬೆಲೆಗೆ ಹೋಗಿ, "ಐದು ಲೀಟರ್ ಅಳತೆ ಪಾತ್ರೆ ತಗೊಂಡ್ ಬಾರಪ್ಪ, ಹಿಡ್ದು ತೋರ್ಸು" ಎಂದು ಸೆರಗು ಸಿಕ್ಕಿಸಿ ನಿಲ್ಲುತ್ತಾಳೆ. ಅವಳನ್ನು ಕಂಡರೆ ಬಂಕಿನ ಹುಡುಗರು ಕೇಳುವ ಮುಂಚೆಯೇ "ಸೊನ್ನೆ ನೋಡ್ಕಳಮ್ಮ, ಸೊನ್ನೆ ನೋಡ್ಕಳಿ" ಎಂದು ಕೂಗುತ್ತಾರೆ. ಅವರು ಕೊಡುವ ಬಿಲ್ಲಿನ ಮೇಲೂ ಅವಳಿಗೆ ನಂಬಿಕೆಯಿಲ್ಲ. "ಅಚ್ಚು ಹಾಕೋರೂ ಅವರೇ, ಸುರಿಯೋರೂ ಅವರೇ. ಎರಡು ತಿಂಗಳಿಗೆ ಅಕ್ಷರ ಅಳಿಸಿಹೋಗೋ ಕಾಗದ ಅದು. ಅದನ್ನ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?" ಎನ್ನುತ್ತಾಳೆ. ಅವಳು ನಂಬಿದ್ದು ಕಡ್ಡಿಯನ್ನು ಮಾತ್ರ.

ಮಧ್ಯಾಹ್ನ ಟೆಂಪೊ ಮನೆ ಮುಂದೆ ನಿಂತ ಕೂಡಲೇ ಗೋವಿಂದಮ್ಮ ಕಡ್ಡಿ ಹಿಡಿದು ಬರುತ್ತಿದ್ದಳು. ಬೆಳಿಗ್ಗೆ ತುಂಬಿಸಿದ ಹದಿನೈದು ಗೆರೆಯಲ್ಲಿ ಬೆಂಗಳೂರಿಗೆ ಹೋಗಿ ಬರಲು ಆರು ಲೀಟರ್, ಅಂದರೆ ಮೂರು ಗೆರೆ. ಹನ್ನೆರಡನೇ ಗೆರೆ ಒದ್ದೆಯಾಗಿರಬೇಕು. ಆಗಿದ್ದರೆ "ಬಾರ್ಲಾ, ಉಣ್ಣು" ಎಂದು ತಮ್ಮನಿಗೆ ಬಡಿಸಿ ತಾನೂ ಕೂತು ಉಣ್ಣುತ್ತಿದ್ದಳು. ಹನ್ನೊಂದು ವರ್ಷ ಹೀಗೇ ನಡೆಯಿತು, ಚಲಪತಿ ಒಂದು ದಿನವೂ ಬೇಸರ ಮಾಡಿಕೊಂಡವನಲ್ಲ.

ಕಳೆದ ದೀಪಾವಳಿಯ ಹೊತ್ತಿಗೆ ಅವರ ಬೀದಿಗೆ ಸಿಮೆಂಟು ರಸ್ತೆ ಬಂತು. ಗೋವಿಂದಮ್ಮ ಕಂಟ್ರಾಕ್ಟರನ ಹಿಂದೆ ಬಿದ್ದು, ಸಿಮೆಂಟು ಎಷ್ಟು, ಜಲ್ಲಿ ಎಷ್ಟು ಎಂದು ಜೀವ ತಿಂದು, ತನ್ನ ಮನೆ ಮುಂದೆ ಒಂದು ಬೆರಳು ಹೆಚ್ಚು ದಪ್ಪವಾಗಿಯೇ ಹಾಕಿಸಿಕೊಂಡಳು. ರಸ್ತೆ ಅರ್ಧ ಗೇಣಿಗಿಂತ ಹೆಚ್ಚೇ ಎತ್ತರವಾಯಿತು. ಟೆಂಪೊ ಅದೇ ಹಳೇ ಜಾಗದಲ್ಲಿ, ಎಡಗಡೆಯ ಚಕ್ರ ಸಿಮೆಂಟಿನ ಮೇಲೆ, ಬಲಗಡೆಯದು ಮಣ್ಣಿನಲ್ಲಿ ನಿಲ್ಲತೊಡಗಿತು.

ಅದೇ ದಿನಗಳಲ್ಲಿ ಡೀಸೆಲ್ ರೇಟಿನ ಮಾತು ಬಾಗಲೂರಲ್ಲಿ ಎಲ್ಲರ ಬಾಯಲ್ಲೂ ಇತ್ತು. ಆ ಕಡೆಯವರೂ ತೆರಿಗೆ ಏರಿಸಿದ ಮೇಲೆ ಗಡಿ ದಾಟಿದರೂ ಮೊದಲಿನಷ್ಟು ಉಳಿಯುತ್ತಿರಲಿಲ್ಲ. ಭಾನು ಈಗ ಇಪ್ಪತ್ತೊಂದರ ಹುಡುಗಿ. ಕೃಷ್ಣಗಿರಿ ಕಡೆಯ ಒಂದು ಬ್ಯಾಟರಿ ಸ್ಕೂಟರ್ ಫ್ಯಾಕ್ಟರಿಯಲ್ಲಿ ಕೆಲಸ, ದಿನಾ ಕಂಪನಿ ಬಸ್ಸು. ಒಂದು ಭಾನುವಾರ ಊಟಕ್ಕೆ ಕೂತಾಗ ಅಮ್ಮನ ಗೊಣಗಾಟ ಕೇಳಲಾರದೆ ತಟ್ಟೆಯ ರಾಗಿ ಮುದ್ದೆಯನ್ನೇ ಮುರಿದು ತೋರಿಸಿದಳು.

"ನೋಡಮ್ಮ, ಈ ಅರ್ಧಕ್ಕಿಂತ ಜಾಸ್ತಿ ಐತಲ್ಲ, ಇದು ಎಣ್ಣೆ ರೇಟು, ಅದನ್ನ ಸೋಸೋ ಖರ್ಚು. ನಮ್ದು ಅಂತ ಎಣ್ಣೆ ಇಲ್ಲ, ಮುಕ್ಕಾಲುಪಾಲಿಗಿಂತ ಜಾಸ್ತಿ ಹೊರಗಡೆಯಿಂದ ಡಾಲರ್ ಕೊಟ್ಟು ತರ್ತಾರೆ. ಅಲ್ಲಿ ಯಾವ್ದೋ ದೇಶ ಜಗಳ ಆಡಿದ್ರೆ ಇದು ದಪ್ಪ ಆಗುತ್ತೆ. ನಮ್ಮ ರೂಪಾಯಿ ಸೊರಗಿದ್ರೂ ದಪ್ಪ ಆಗುತ್ತೆ. ಈ ತುಂಡು ದಿಲ್ಲಿಯೋರ ತೆರಿಗೆ. ಈ ತುಂಡು ರಾಜ್ಯದೋರ ತೆರಿಗೆ. ಈ ಚೂರು ಬಂಕಿನೋರ ಕಮಿಷನ್ನು."

"ಹಂಗಾದ್ರೆ ನಾನು ತಿನ್ನೋದೇನು?"

"ನೀನು ತಿನ್ನಲ್ಲ. ನೀನು ದುಡ್ಡು ಕೊಡ್ತೀಯ."

"ಜಗಳ ನಿಂತ ಮೇಲಾದ್ರೂ ಇಳೀಬೇಕಲ್ಲ? ಏರೋವಾಗ ಓಡ್ಕೊಂಡು ಏರುತ್ತೆ, ಇಳಿಯೋವಾಗ ಕಾಲು ನೋವಾ ಅದಕ್ಕೆ?"

ಭಾನು ಮುರಿದ ತುಂಡುಗಳನ್ನು ಸಾರಿಗೆ ತಳ್ಳಿದಳು. "ಎಣ್ಣೆ ಇಳಿದ್ರೆ ಒಂದೊಂದ್ಸಲ ತೆರಿಗೆ ಏರಿಸ್ತಾರಮ್ಮ. ಅದಕ್ಕೇ ಹೇಳೋದು, ಈ ಡಬ್ಬ ಮಾರಿ ಒಂದು ಬ್ಯಾಟರಿ ಗಾಡಿ ತಗೊ. ಮನೆ ಕರೆಂಟಲ್ಲೇ ಚಾರ್ಜ್ ಹಾಕ್ಬೋದು."

"ಕಡ್ಡಿ ಇಳಿಬಿಡಕ್ಕೆ ಜಾಗ ಇಲ್ದೇ ಇರೋ ಗಾಡಿನಾ? ಒಳಗೆ ಎಷ್ಟೈತೆ ಅಂತ ಅವರು ಬರೆದಿದ್ದೇ ಲೆಕ್ಕ. ಅಷ್ಟು ದಡ್ಡಿ ಅಲ್ಲ ಕಣೇ ನಾನು."

ಸತ್ಯ ಹೇಳಬೇಕೆಂದರೆ, ರೇಟಿನ ವಿಷಯದಲ್ಲಿ ಅವಳ ಅನುಮಾನ ಪೂರ್ತಿ ತಪ್ಪೇನೂ ಆಗಿರಲಿಲ್ಲ. ಆದರೆ ಅನುಮಾನ ಪಟ್ಟು ಏನು ಮಾಡುತ್ತೀರಿ? ಸಮುದ್ರದಾಚೆಯವರ ಕೊರಳಪಟ್ಟಿಗೆ ಬಾಗಲೂರಿನ ಹೆಂಗಸಿನ ಕೈ ಎಟುಕುವುದಿಲ್ಲ, ದಿಲ್ಲಿಯವರದೂ ಎಟುಕುವುದಿಲ್ಲ. ತಮ್ಮನದು ಎಟುಕುತ್ತದೆ.

ರಸ್ತೆ ಒಣಗಿ ಟೆಂಪೊ ಮತ್ತೆ ಮನೆ ಮುಂದೆ ನಿಂತ ಮೊದಲನೇ ಮಧ್ಯಾಹ್ನ ಕಡ್ಡಿ ಹನ್ನೊಂದನೇ ಗೆರೆಗೇ ನಿಂತಿತು. ಗೋವಿಂದಮ್ಮ ಸೆರಗಿನಿಂದ ಒರೆಸಿ ಮತ್ತೆ ಇಳಿಬಿಟ್ಟಳು. ಹನ್ನೊಂದೇ. ಮರುದಿನವೂ ಹನ್ನೊಂದು, ಅದರ ಮರುದಿನವೂ ಹನ್ನೊಂದು. ದಿನಕ್ಕೆ ಎರಡು ಲೀಟರ್ ಎಲ್ಲಿಗೆ ಹೋಗುತ್ತಿದೆ? ನಾಲ್ಕನೇ ದಿನ ಬಡಿಸಿದ ತಟ್ಟೆ ತಳ್ಳಿ ಎದ್ದುಬಿಟ್ಟಳು.

"ಚಲಪತಿ, ಡೀಸೆಲ್ ಎಲ್ಲಿ ಹೋಗ್ತೈತ್ಲಾ?"

"ಎಲ್ಲಿ ಹೋಗ್ತದಕ್ಕ? ಇಂಜಿನ್ ಕುಡೀತದೆ."

"ಇಂಜಿನ್ ಕುಡೀತದೋ, ಬೇರೆ ಯಾರಾದ್ರೂ ಕುಡೀತಾರೋ?"

ಚಲಪತಿ ಅಕ್ಕನ ಮುಖವನ್ನೇ ನೋಡಿದ. ಆಮೇಲೆ ಗಾಡಿಯ ಕೆಳಗೆ ನುಗ್ಗಿ, ಎಲ್ಲಾದರೂ ಸೋರುತ್ತಿದೆಯಾ ಎಂದು ಕೈಯಾಡಿಸಿ ನೋಡಿದ. ಮೆಕ್ಯಾನಿಕ್ಕಿಗೂ ತೋರಿಸಿದ. ಎಲ್ಲೂ ತೊಟ್ಟು ಸೋರುತ್ತಿರಲಿಲ್ಲ. ಒಂದು ವಾರ ಗೋವಿಂದಮ್ಮ ಸರಿಯಾಗಿ ಉಣ್ಣಲಿಲ್ಲ, ತಮ್ಮನಿಗೂ ಉಣ್ಣು ಎನ್ನಲಿಲ್ಲ.

ಎಂಟನೇ ದಿನ ಕಡ್ಡಿ ಇಳಿಬಿಟ್ಟರೆ ಹನ್ನೆರಡು! ಮರುದಿನವೂ ಹನ್ನೆರಡು. ಹೀಗೆ ಇಪ್ಪತ್ತು ದಿನ ಗೆರೆ ತಪ್ಪಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸದ್ಯ ಸರಿಹೋಯಿತಲ್ಲ ಎಂದು ಸಮಾಧಾನ ಪಡುತ್ತಿದ್ದರು. ಗೋವಿಂದಮ್ಮನ ತಲೆ ಹಾಗೆ ಓಡುವುದಿಲ್ಲ. ಬೈಯುವ ತನಕ ಹನ್ನೊಂದು, ಬೈದ ಮೇಲೆ ಹನ್ನೆರಡು. ಹಾಗಾದರೆ ಬೈಯುವ ತನಕ ತಿಂದವನು ಯಾರು? ಅಷ್ಟೇ ಅಲ್ಲ, ಹನ್ನೊಂದು ವರ್ಷದಲ್ಲಿ ಇನ್ನು ಎಲ್ಲೆಲ್ಲಿ ಕೈಯಾಡಿಸಿದ್ದಾನೋ! ಒಲೆ ಮುಂದೆ ಕೂತರೂ ಅದೇ, ಹೂವು ಕಟ್ಟುತ್ತಾ ಕೂತರೂ ಅದೇ ಯೋಚನೆ.

ಇಪ್ಪತ್ತೊಂದನೇ ದಿನ ವೆಂಕಟೇಶಪ್ಪನ ಟೀ ಅಂಗಡಿ ಮುಂದೆ ಹತ್ತಾರು ಜನ ಇದ್ದರು. ಚಲಪತಿ ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದ. ಗೋವಿಂದಮ್ಮ ಹಾಲಿಗೆಂದು ಬಂದವಳು. ವೆಂಕಟೇಶಪ್ಪ ಸುಮ್ಮನಿರಬಾರದೇ? "ಏನ್ ಗೋವಿಂದಮ್ಮ, ಡೀಸೆಲ್ ಮತ್ತೆ ಏರುತ್ತಂತೆ, ನಿನ್ ಗಾಡಿ ಕತೆ ಏನು?" ಎಂದ.

"ಬಂಕಲ್ಲಿ ಏರಿದ್ರೆ ಪೇಪರ್ನಾಗೆ ಬರುತ್ತೆ ಕಣಣ್ಣ. ನಮ್ಮನೇಲಿ ಏರಿದ್ದು ಯಾವ ಪೇಪರ್ನಾಗೂ ಬರಲಿಲ್ಲ. ದಿನಾ ಎರಡು ಲೀಟರ್ ನನ್ ತಮ್ಮನೇ ಕದ್ದು ಮಾರ್ಕೊಂಡ. ಬೈದ ಮೇಲೆ ನಿಲ್ಲಿಸ್ದ. ಕಳ್ಳ ಅಲ್ದೇ ಇದ್ರೆ ನಿಲ್ಲಿಸಕ್ಕೆ ಏನಿರ್ತಿತ್ತು?"

ಚಲಪತಿ ಅರ್ಧ ಕುಡಿದ ಟೀ ಕೆಳಗಿಟ್ಟ. ಜೇಬಿನಿಂದ ಟೆಂಪೊ ಕೀ ತೆಗೆದು ಬೆಂಚಿನ ಮೇಲಿಟ್ಟು, "ಸರಿ ಅಕ್ಕ" ಎಂದಷ್ಟೇ ಹೇಳಿ ಎದ್ದು ಹೋದ. ಅವತ್ತು ಸಂಜೆಗೆಲ್ಲ ಅವನ ಕೋಣೆ ಖಾಲಿಯಾಗಿತ್ತು.

ಭಾನು ಬಸ್ಸಿಳಿದು ಬಂದು ವಿಷಯ ಕೇಳಿ ಅತ್ತಳು. "ಮಾವ ಕದೀತಾನೇನಮ್ಮ? ನಂಗೆ ಫೀಸ್ ಕಟ್ಟಿದೋನು ಕದೀತಾನಾ?" ಗೋವಿಂದಮ್ಮ ಮುಖ ತಿರುಗಿಸಿಕೊಂಡು, "ಕಡ್ಡಿ ಸುಳ್ಳು ಹೇಳಲ್ಲ" ಎಂದಳು. ತಮ್ಮ ಒಂದು ಸಲ ವಾಪಸ್ಸು ಬಂದು ತಪ್ಪಾಯಿತಕ್ಕ ಎಂದಿದ್ದರೆ ಸಾಕಿತ್ತು, ಅಪ್ಪಿಕೊಂಡು ಬಿಡುತ್ತಿದ್ದಳು. ಅವನು ಬರಲಿಲ್ಲ.

ಮೂರು ತಿಂಗಳಲ್ಲಿ ಮೂವರು ಡ್ರೈವರುಗಳು ಬಂದರು, ಮೂವರೂ ಹೋದರು. ವಿಚಿತ್ರವೆಂದರೆ ಮೂವರ ಕಾಲದಲ್ಲೂ ಕಡ್ಡಿ ಹನ್ನೊಂದೇ. ಲೋಕದ ಡ್ರೈವರುಗಳೆಲ್ಲ ಕಳ್ಳರೇ ಎಂದು ಗೋವಿಂದಮ್ಮ ತೀರ್ಮಾನಕ್ಕೆ ಬಂದಳೇ ಹೊರತು, ಬೇರೆ ಏನೂ ಅವಳ ತಲೆಗೆ ಹೊಳೆಯಲಿಲ್ಲ. ಕಡೆಗೆ ಸಾಕಪ್ಪ ಸಾಕು ಎಂದು ಟೆಂಪೊ ಮಾರಲು ನಿಂತಳು. ಮಾವಿನ ವ್ಯಾಪಾರದ ನಾರಾಯಣಸ್ವಾಮಿ ಸೀಸನ್ನಿಗೆ ಬೇಕೆಂದು ಕೃಷ್ಣಗಿರಿಯಿಂದ ನೋಡಲು ಬಂದ.

ಅವತ್ತು ಬೆಳಿಗ್ಗೆ ಗೋವಿಂದಮ್ಮ ಟೆಂಪೊ ಒರೆಸುತ್ತಿದ್ದಳು. ಸ್ಟೇರಿಂಗಿನ ಮುಂದೆ ಅಂಟಿಸಿದ್ದ ವೆಂಕಟರಮಣನ ಪಟವನ್ನು ಕೀಳಲು ಹೋದರೆ ಅದರ ಹಿಂದಿನಿಂದ ಒಂದು ಕಂತೆ ಚೀಟಿ ಕೈಗೆ ಬಂತು. ಬಂಕಿನ ಬಿಲ್ಲುಗಳು. ಅಕ್ಷರ ಅರ್ಧಕ್ಕರ್ಧ ಮಾಸಿದ್ದವು. ಬೆಳಕಿಗೆ ಹಿಡಿದರೆ ಕಾಣುತ್ತಿತ್ತು: ಎಲ್ಲವೂ ಎರಡೆರಡು ಲೀಟರಿನವು, ಎಲ್ಲವೂ ಮಧ್ಯಾಹ್ನದ ಹೊತ್ತಿನವು. ಎಣಿಸಿದಳು, ಇಪ್ಪತ್ತು.

"ಭಾನೂ, ಬಾರೇ ಇಲ್ಲಿ! ಸಿಕ್ಕಿಬಿದ್ದ ನೋಡು ನಿನ್ ಮಾವ. ಎರಡೆರಡು ಲೀಟರ್ ಬಿಲ್ಲು, ಬಚ್ಚಿಟ್ಟವ್ನೆ. ಬಂಕಿನೋನ ಜೊತೆ ಸೇರ್ಕೊಂಡು ಏನೋ ಆಟ ಆಡವ್ನೆ. ಕಡ್ಡಿ ಸುಳ್ಳು ಹೇಳಲ್ಲ ಅಂದ್ನೋ ಇಲ್ವೋ?"

ರಜೆಯಲ್ಲಿದ್ದ ಭಾನು ಬಿಲ್ಲುಗಳನ್ನು ತಿರುಗಿಸಿ ನೋಡಿ ಅಮ್ಮನ ಕೈಗೇ ವಾಪಸ್ಸು ಕೊಟ್ಟಳು. ಗೋವಿಂದಮ್ಮ ಕಡ್ಡಿ ಇಳಿಬಿಟ್ಟಳು. ಏಳನೇ ಗೆರೆ. ಹದಿನಾಲ್ಕು ಲೀಟರ್. ಗಾಡಿಗೆ ಕೊಡುವ ದುಡ್ಡಿನಲ್ಲಿ ಡೀಸೆಲ್ ಸೇರಿಲ್ಲ, ಅದನ್ನು ಕ್ಯಾನಿಗೆ ತೆಗೆದುಕೊಂಡೇ ಕೊಡುವುದು ಎಂದು ಮೊದಲೇ ಹೇಳಿದ್ದಳು. ನಾರಾಯಣಸ್ವಾಮಿ ನಕ್ಕು, ಇಂಜಿನ್ ಸದ್ದು ಕೇಳಿ ನೋಡುತ್ತೇನೆಂದು ಗಾಡಿಯನ್ನು ಸ್ಕೂಲಿನ ಮೈದಾನಕ್ಕೆ ಓಡಿಸಿಕೊಂಡು ಹೋಗಿ ನಿಲ್ಲಿಸಿದ. ಗೋವಿಂದಮ್ಮ ಬಿಡುತ್ತಾಳೆಯೇ, ಹಿಂದೆಯೇ ಕಡ್ಡಿ ಹಿಡಿದು ಹೋದಳು. ಅಷ್ಟರಲ್ಲಿ ಎಷ್ಟು ಕುಡಿಯಿತೋ ನೋಡೋಣ ಎಂದು ಇಳಿಬಿಟ್ಟಳು.

ಎಂಟನೇ ಗೆರೆ ಒದ್ದೆಯಾಗಿತ್ತು.

"ಏನ್ ಸುರಿದ್ರಿ ಇದಕ್ಕೆ?" ಎಂದಳು ಗದರಿಸಿ.

"ಏನಮ್ಮಾ ಇದು! ನಿಮ್ ಟ್ಯಾಂಕಿಗೆ ನಾನ್ಯಾಕೆ ಡೀಸೆಲ್ ಸುರೀಲಿ? ತಲೆ ಕೆಟ್ಟೈತಾ ನಂಗೆ?"

ಅದೂ ನಿಜವೇ. ಮನೆ ಮುಂದಕ್ಕೆ ತರಿಸಿ ನಿಲ್ಲಿಸಿದಳು. ಏಳು. ಮತ್ತೆ ಮೈದಾನ. ಎಂಟು. ನಾರಾಯಣಸ್ವಾಮಿಗೆ ಈ ಹೆಂಗಸಿಗೆ ಏನಾಗಿದೆ ಎಂದು ಗಾಬರಿ. ಗಾಡಿ ಮನೆ ಮುಂದಿದ್ದಾಗ ಭಾನು ಬಗ್ಗಿ ಚಕ್ರಗಳನ್ನು ನೋಡಿ ಬಂದವಳು ಮೆಲ್ಲಗೆ, "ಅಮ್ಮ, ಅಲ್ಲಿ ಗಾಡಿ ವಾರೆ ನಿಲ್ತೈತೆ. ಟ್ಯಾಂಕಿನ ಬಾಯಿ ಇರೋ ಕಡೆ ಸಿಮೆಂಟು ಎತ್ತರ, ಡೀಸೆಲ್ ಎಲ್ಲಾ ತಗ್ಗಿರೋ ಇನ್ನೊಂದು ಕಡೆಗೆ ಸರ್ಕೊಂತದೆ. ಕಡ್ಡಿಗೆ ಕಮ್ಮಿ ಸಿಗ್ತದೆ" ಎಂದಳು.

ಗೋವಿಂದಮ್ಮ ಕೈಯಲ್ಲಿದ್ದ ಕಡ್ಡಿಯ ಗೆರೆಗಳನ್ನು ಮತ್ತೆ ಎಣಿಸಿದಳು. ಒಂದೊಂದೇ ಅರ್ಥವಾಗತೊಡಗಿತು. ಒಂದು ತೊಟ್ಟು ಡೀಸೆಲ್ಲೂ ಯಾವತ್ತೂ ಹೋಗಿರಲಿಲ್ಲ. ಹನ್ನೊಂದು ತೋರಿಸಿದ ದಿನವೂ ಟ್ಯಾಂಕಿನಲ್ಲಿ ಹನ್ನೆರಡೇ ಇತ್ತು. ಹಾಗಾದರೆ ಆ ಇಪ್ಪತ್ತು ದಿನ ಅದೇ ವಾರೆ ಜಾಗದಲ್ಲಿ ಕಡ್ಡಿ ಹನ್ನೆರಡು ತೋರಿಸಿದ್ದು ಹೇಗೆ? ಯಾರೋ ದಿನಾ ಎರಡು ಲೀಟರ್ ಮೇಲಿಂದ ಸುರಿದಿರಬೇಕು, ತನ್ನ ಕೈಯಿಂದ ದುಡ್ಡು ಕೊಟ್ಟು. ಇಪ್ಪತ್ತು ದಿನ, ಇಪ್ಪತ್ತು ಬಿಲ್ಲು. "ಅಯ್ಯೋ ನನ್ನಪ್ಪಾ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

ಚಲಪತಿ ಜೂಜುವಾಡಿಯಲ್ಲಿದ್ದಾನೆಂದು ವೆಂಕಟೇಶಪ್ಪನಿಗೆ ಗೊತ್ತಿತ್ತು. ಮರುದಿನ ಗೋವಿಂದಮ್ಮ ಬಿಲ್ಲುಗಳನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಲಾರಿಗಳ ಸಾಲಿನ ಪಕ್ಕ, ಒಂದು ಅಂಗಡಿಯ ನೆರಳಲ್ಲಿ ಅವನು ಬ್ಯಾಟರಿ ಆಟೋ ನಿಲ್ಲಿಸಿಕೊಂಡಿದ್ದ. ಬಾಡಿಗೆ ಗಾಡಿ. ಅಕ್ಕನನ್ನು ಕಂಡು ಎದ್ದು ನಿಂತ, ಕುಡಿಯಲು ನೀರು ಕೊಟ್ಟ.

ಅವಳು ಗಂಟು ಬಿಚ್ಚಿ ಬಿಲ್ಲುಗಳನ್ನು ಅವನ ಕೈಗಿಟ್ಟಳು. ರಸ್ತೆ, ವಾರೆ, ಮೈದಾನ, ಎಲ್ಲವನ್ನೂ ಹೇಳುತ್ತಾ ಅತ್ತಳು. "ಹಿಂಗೆ ದುಡ್ಡು ಕೊಟ್ಟು ಹಾಕಿಸ್ತಾ ಇದ್ದೀನಿ ಅಂತ ಒಂದು ಮಾತು ಹೇಳಬಾರದಾಗಿತ್ತೇನ್ಲಾ?"

"ಹೇಳಿದ್ರೆ ನಂಬ್ತಿದ್ಯಾ? ಬಿಲ್ಲನ್ನೇ ನಂಬದೋಳು ನೀನು."

"ಮತ್ಯಾಕೆ ಹಾಕಿಸ್ದೆ?"

"ಹನ್ನೆರಡು ತೋರ್ಸಿದ್ರೆ ನೀನು ಉಣ್ತೀಯ. ಇಲ್ದಿದ್ರೆ ತಟ್ಟೆ ತಳ್ಳಿ ಎದ್ದು ಹೋಗ್ತೀಯ. ಎಷ್ಟು ದಿನ ಉಪವಾಸ ಇರ್ತೀಯ ಅಂತ ನೋಡ್ಕೊಂಡು ಕೂರಕ್ಕಾಗುತ್ತಾ?" ಎಂದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ, ಅದೇ ಅವಳಿಗೆ ಹೆಚ್ಚು ಚುಚ್ಚಿತು.

"ಟೆಂಪೊ ಮಾರ್ಬುಟ್ಟೆ ಕಣ್ಲಾ. ಭಾನು ಹೇಳಿದ ಹಂಗೆ ಇಂಥದ್ದೇ ಬ್ಯಾಟರಿ ಗಾಡಿ ತಗೋತೀನಿ. ಬಾರಪ್ಪ, ನೀನೇ ಓಡ್ಸು. ಕಡ್ಡಿ ಒಲೆಗೆ ಹಾಕ್ದೆ."

ಚಲಪತಿ ಬಿಲ್ಲುಗಳನ್ನು ಮಡಿಸಿ ಜೇಬಿಗಿಟ್ಟುಕೊಂಡ. "ಯುಗಾದಿಗೆ ಉಣ್ಣಕ್ಕೆ ಬತ್ತೀನಕ್ಕ. ಭಾನು ಮದುವೆಗೆ ಬತ್ತೀನಿ, ನಿಂತು ಮಾಡ್ತೀನಿ. ನಿನ್ ಗಾಡಿ ಕೀ ಮಾತ್ರ ಮುಟ್ಟಲ್ಲ." ಎಷ್ಟು ಕೇಳಿದರೂ ಅಷ್ಟೇ.

ಬಸ್ಸು ನಿಲ್ಲುವಲ್ಲಿಗೆ ಬಿಡುತ್ತೇನೆಂದು ಅವಳನ್ನು ಆಟೋದಲ್ಲಿ ಕೂರಿಸಿಕೊಂಡ. ಕೀ ತಿರುಗಿಸಿದರೆ ಸದ್ದೇ ಇಲ್ಲ, ಹ್ಯಾಂಡಲ್ ಮುಂದಿನ ಪುಟ್ಟ ಗಾಜಿನ ಮೇಲೆ ಒಂದು ಅಂಕಿ ಹತ್ತಿಕೊಂಡಿತು. "ಅರವತ್ತೆರಡು ಐತೆ ಚಾರ್ಜು. ಹೊರಡೋ ಮುಂಚೆ ನೋಡ್ಕೊ ಅಕ್ಕ" ಎಂದ. ಗೋವಿಂದಮ್ಮ ರಸ್ತೆಯ ಕಡೆ ಮುಖ ತಿರುಗಿಸಿ ಕೂತಳು.

ಹೊಸೂರು ಬಸ್‌ಸ್ಟ್ಯಾಂಡಿನ ಮುಂದೆ ಇಳಿಸಿದ. ಅವಳು ಇಳಿದು, ಸೆರಗು ಸರಿಮಾಡಿಕೊಂಡು, ತಮ್ಮನ ಕೈ ಹಿಡಿದು ನಿಂತಳು.

"ಐವತ್ತೊಂಬತ್ತು" ಎಂದ ಚಲಪತಿ.

"ನಾನು ನೋಡಲ್ಲ, ಹೋಗ್ಲಾ."

"ನೋಡ್ಕೊ ಅಕ್ಕ. ನೋಡ್ದೇ ಹೋದ್ರೆ ಇವತ್ತು ನೀನು ಉಣ್ಣಲ್ಲ."

ಗೋವಿಂದಮ್ಮ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು. ಐವತ್ತೊಂಬತ್ತೇ ಇತ್ತು.